ಸೊಗಡಿಲ್ಲದ ಚಳಿ

ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನಿಗೆ ಚಳಿ ಅಳೆಯಲು ಅವರೆಕಾಯಿ ಸಾಕಿತ್ತು. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಜಾಸ್ತಿ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಅಕ್ಕ ಅಷ್ಟಕ್ಕೇ ಬಿಡುವವರಲ್ಲ. ಧನುರ್ಮಾಸ ಬಂತೆಂದರೆ ಮದ್ದೂರಿನ ಕಾಯಿ, ಕಿರುಗಾವಲಿನ ಕಾಯಿ ಎರಡನ್ನೂ ಅಂಗೈಯಲ್ಲಿ ಉಜ್ಜಿ, ಕಣ್ಣು ಮುಚ್ಚಿ ಮೂಸಿ, ಯಾವ ಊರಲ್ಲಿ ಹೆಚ್ಚು ಚಳಿ ಎಂದು ತೀರ್ಪು ಕೊಡುತ್ತಿದ್ದರು. ನಾನು ಮೊಬೈಲಿನಲ್ಲಿ ಡಿಗ್ರಿ ತೋರಿಸಿದರೆ, "ಅದುಕ್ಕೇನು ಮೂಗೈತಾ? ಸುಮ್ಕಿರು ಕಣಮ್ಮ" ಎನ್ನುತ್ತಿದ್ದರು.

ಒಮ್ಮೆ ಬೀದಿಯವರೆಲ್ಲ ವ್ಯಾನು ಮಾಡಿಕೊಂಡು ಊಟಿಗೆ ಹೊರಟೆವು. ದಕ್ಷಿಣದಲ್ಲಿ ಅಂಥ ಚಳಿಯ ಊರು ಅಪರೂಪ ಎಂದು ಯಾರೋ ಹೇಳಿದ್ದೇ ತಡ, ಅಕ್ಕ ಎರಡು ಖಾಲಿ ಚೀಲ ಹಿಡಿದು ಬಂದರು. ಅಲ್ಲಿಯ ಅವರೆಕಾಯಿಗೆ ಇನ್ನೆಷ್ಟು ಸೊಗಡಿರಬೇಡ! ಆದರೆ ಊಟಿಯ ಮಾರುಕಟ್ಟೆಯಲ್ಲಿ ನಮಗೆ ಕಂಡಿದ್ದು ಬರೀ ಕ್ಯಾರೆಟ್ಟು, ಬೀಟ್ರೂಟು. ಅಕ್ಕನ ಮುಖ ಇಳಿದುಹೋಯಿತು. ಹಲ್ಲು ಕಟಕಟ ಎನ್ನುತ್ತಿದ್ದರೂ ನಾನು ಕೊಟ್ಟಿದ್ದ ಸ್ವೆಟರನ್ನು ಮುಟ್ಟಲಿಲ್ಲ.

"ಅವರೆಕಾಯೇ ಇಲ್ದಿದ್ಮೇಲೆ ಇದ್ಯಾವ ಸೀಮೆ ಚಳಿ, ಬುಡು!"

ಮರುದಿನ ಮಧ್ಯಾಹ್ನ ವಾಪಸು ಬರುವಾಗ ಕಿರುಗಾವಲಿನ ರಸ್ತೆ ಬದಿಯಲ್ಲಿ ಅವರೆಕಾಯಿಯ ರಾಶಿ ಕಂಡು ಅಕ್ಕ ವ್ಯಾನು ನಿಲ್ಲಿಸಿದರು. ಬಿಸಿಲು ಚುರುಗುಟ್ಟುತ್ತಿತ್ತು, ನಾವೆಲ್ಲ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದೆವು. ಅಕ್ಕ ಒಂದು ಕಾಯಿ ಉಜ್ಜಿ, ಕಣ್ಣು ಮುಚ್ಚಿ ಮೂಸಿದರು. ಮುಖ ಅರಳಿತು.

"ಅಬ್ಬಬ್ಬಾ, ಏನ್ ಚಳಿ ಕಣಮ್ಮ!" ಎನ್ನುತ್ತಾ ಸ್ವೆಟರು ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿಕೊಂಡರು.