ದೇವರ ಗೂಡಿನ ಎಣ್ಣೆ ಬಾಟಲಿ

ಮೊನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆಯ ದೇವರ ಗೂಡಿನಲ್ಲಿ ಅಂಗೈ ಉದ್ದದ ಪ್ಲಾಸ್ಟಿಕ್ ಬಾಟಲಿಯೊಂದು ಕಂಡಿತು. ಅದಕ್ಕೊಂದು ಕುಂಕುಮದ ಬೊಟ್ಟು, ಮೇಲೊಂದು ಕಾಕಡ ಹೂ. ಕಾಡಿಗೆ ಹೋಗುವವರಿಗೆ ಮಂಗನ ಕಾಯಿಲೆ ತರುವ ಉಣುಗು ಹುಳ ಕಚ್ಚದಿರಲೆಂದು ಆರೋಗ್ಯ ಇಲಾಖೆಯವರು ಹಂಚುವ ಎಣ್ಣೆ. ಸೀಲ್ ಒಡೆದಿರಲಿಲ್ಲ. ಆದರೂ ಮುಚ್ಚಳದಂಚಿನಲ್ಲಿ ಜಿನುಗಿದ ಎಣ್ಣೆಯ ಘಾಟು ಬೆರಳಿಗೆ ಅಂಟಿತು... ಆ ಹುಡುಗಿಯ ಚೀಲದಿಂದ ಬರುತ್ತಿದ್ದ ವಾಸನೆ.

ನಾವು ಶಿಕಾರಿಪುರದಲ್ಲಿದ್ದಾಗ ಅವಳು ಎದುರುಮನೆಯ ಮಗು. ಏಳನೇ ವಯಸ್ಸಿಗೇ ಟೀವಿಯ ಭಕ್ತಿ ಸೀರಿಯಲ್ಲೊಂದರಲ್ಲಿ ಬಾಲದೇವಿಯಾದಳು. ಶೂಟಿಂಗ್ ಮುಗಿಸಿ ಊರಿಗೆ ಬಂದಳೆಂದರೆ ಶುಕ್ರವಾರ ಮನೆಮುಂದೆ ಹೆಂಗಸರ ಸಾಲು. ಮಣೆಯ ಮೇಲೆ ಕೂರಿಸಿ, ಅಕ್ಕಿ, ಕಾಯಿ, ಖಣ ಹಾಕಿ ಉಡಿ ತುಂಬುತ್ತಿದ್ದರು. ಮುದುಕಿಯರೂ ಬಗ್ಗಿ ಅವಳ ಕಾಲು ಮುಟ್ಟುತ್ತಿದ್ದರು. ಎಲ್ಲ ಮುಗಿದ ಮೇಲೆ ನಮ್ಮ ಮನೆಗೆ ಓಡಿಬಂದು, "ಆಂಟಿ, ಬ್ರೆಡ್ ಜಾಮ್ ಐತಾ?" ಎನ್ನುತ್ತಿದ್ದಳು. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಬೆಳೆದ ನನಗೆ ಇದೆಲ್ಲ ಸಿಲ್ಲಿ ಅನ್ನಿಸುತ್ತಿತ್ತು. ನಗುತ್ತಿದ್ದೆ, ಅಷ್ಟೆ.

ಮುಂದಿನ ಹಾಲುಹಲ್ಲುಗಳು ಬಿದ್ದವು. ಸೀರಿಯಲ್‌ನವರು ಬೇರೆ ಮಗುವನ್ನು ತಂದರು. ಹೆಂಗಸರು ಮಾತ್ರ ದೇವಿಯನ್ನು ಬದಲಾಯಿಸಲಿಲ್ಲ.

ಅವಳಿಗೆ ಹದಿನಾಲ್ಕಾಗಿದ್ದಾಗ, ಕ್ಯಾಸನೂರು ಕಡೆಯ ಒಬ್ಬ ತಾಯಿ ಜ್ವರದಲ್ಲಿ ಸುಡುತ್ತಿದ್ದ ಮಗಳನ್ನು ಬಸ್ಸಿನಲ್ಲಿ ಕರೆತಂದಳು. "ನಾನು ದೇವಿ ಅಲ್ರೀ, ದವಾಖಾನಿಗೆ ಕರ್ಕೊಂಡು ಹೋಗ್ರಿ" ಎಂದು ಇವಳು ಹಿಂದೆ ಸರಿದಳು. ತಾಯಿ ಕದಲಲಿಲ್ಲ. ಜಗಲಿಯ ಮೇಲೆ ನಿಂತಿದ್ದ ನಾನೇ ಹೇಳಿದೆ: "ಅವರ ಸೆಂಟಿಮೆಂಟು, ವಾಟ್ ಈಸ್ ದ ಹಾರ್ಮ್? ಕೈ ಇಟ್ಟು ಕಳಿಸು ಪುಟ್ಟಾ."

ಅವಳು ಆ ಮಗುವಿನ ಹಣೆಯ ಮೇಲೆ ಕೈಯಿಟ್ಟು, ಸೀರಿಯಲ್ಲಿನ ತನ್ನ ಮಾತನ್ನೇ ಹೇಳಿದಳು. "ಭಯ ಬೇಡ, ನಾನಿದ್ದೇನೆ."

ತಾಯಿಯ ಮುಖ ಅರಳಿತು. ಎರಡು ರಸ್ತೆಯಾಚೆಗಿದ್ದ ಆಸ್ಪತ್ರೆಗೆ ಹೋಗದೆ ನೆಟ್ಟಗೆ ಊರಿನ ಬಸ್ಸು ಹತ್ತಿದಳು. ಆ ವಾರವೇ ಮಗು ಹೋಯಿತಂತೆ...

ಹುಡುಗಿ ಮತ್ತೆ ಮಣೆಯ ಮೇಲೆ ಕೂರಲಿಲ್ಲ. ನಮ್ಮ ಮನೆಗೂ ಬರಲಿಲ್ಲ.

ದೊಡ್ಡವಳಾದ ಮೇಲೆ ಆಡಿಷನ್ನುಗಳಿಗೆ ಅಲೆದಳೆಂದು ಕೇಳಿದ್ದೆ. ದೇವಿಯ ಮುಖ, ಬೇರೆ ಪಾತ್ರಕ್ಕೆ ಹೊಂದುವುದಿಲ್ಲ ಎಂದರಂತೆ. ಸ್ವಲ್ಪ ಕಾಲ ಆನವಟ್ಟಿ ಕಡೆಯ ಆರ್ಕೆಸ್ಟ್ರಾಗಳಿಗೆ ನಿರೂಪಣೆ ಮಾಡಿದಳು. ಕೊನೆಗೆ ನರ್ಸಿಂಗ್ ಕಲಿತು, ಆರೋಗ್ಯ ಇಲಾಖೆಯ ಕೆಲಸಕ್ಕೆಂದು ಸೊರಬಕ್ಕೆ ಬಂದಳು. ಅಷ್ಟರಲ್ಲಿ ನಾನೂ ಇಲ್ಲಿಗೇ ಬಂದು ನೆಲೆಸಿದ್ದೆ.

ಒಂದು ಮಧ್ಯಾಹ್ನ ಬೈಕ್ ನಿಲ್ಲಿಸಿ ಒಳಗೆ ಬಂದಳು. ಹೆಗಲ ಚೀಲದ ತುಂಬ ಇದೇ ಬಾಟಲಿಗಳು.

"ಕಾಡಂಚಿನ ಮನೆಗಳಿಗೆ ಹಂಚ್ತೀನಿ ಆಂಟಿ. ನನ್ನ ಗುರ್ತು ಹಿಡೀತಾರೆ, ಎರಡೂ ಕೈ ಚಾಚಿ ಇಸ್ಕೊಂತಾರೆ. ಮುಂದಿನ ವಾರ ಹೋಗಿ ನೋಡಿದ್ರೆ ಬಾಟ್ಲಿ ದೇವ್ರ ಹತ್ರ, ಕುಂಕುಮ ಹಚ್ಚಿ ಕೂರ್ಸಿರ್ತಾರೆ. ಕಾಲಿಗೆ ಒಂದು ಹನಿ ಇಲ್ಲ." ನಕ್ಕಳು. ನಗು ಬೇಗ ನಿಂತಿತು. "ಒಂದ್ಸಲ ನಾನಿದ್ದೇನೆ ಅಂದ್ಬಿಟ್ಟೆ ನೋಡ್ರಿ."

ನೀವೇ ಹೇಳಿಸಿದ್ದು ಎಂದು ಅವಳು ಅನ್ನಲಿಲ್ಲ. ನಾನೂ ಸಾರಿ ಅನ್ನಲಿಲ್ಲ. ಬ್ರೆಡ್ಡಿಗೆ ಜಾಮ್ ಹಚ್ಚಿ ಕೊಟ್ಟೆ.

ಆಮೇಲೆ ದರಗು, ಅಂದರೆ ಕಾಡಿನ ಒಣಗಿದೆಲೆ, ಗುಡಿಸಿ ತರಲು ಹೊರಟವರ ಹಿಂದೆ ತಾನೂ ಕಾಡಂಚಿಗೆ ಹೋಗಿ, ಒಬ್ಬೊಬ್ಬರನ್ನೇ ಕೂರಿಸಿ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳಂತೆ. ಕಳೆದ ಬೇಸಿಗೆಯಲ್ಲಿ ಮಂಗನ ಕಾಯಿಲೆ ಅವಳಿಗೇ ಬಂತು. ತಾನು ಹಚ್ಚಿಕೊಳ್ಳಲು ಮರೆತಳೋ, ಎಣ್ಣೆ ಸಾಲಲಿಲ್ಲವೋ... ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ನಾನು ನಾಳೆ ಹೋಗೋಣ, ನಾಡಿದ್ದು ಹೋಗೋಣ ಎನ್ನುತ್ತಲೇ ಇದ್ದೆ. ಹನ್ನೆರಡನೆಯ ದಿನ ಅವಳು ತೀರಿಕೊಂಡ ಸುದ್ದಿ ಬಂತು.

ಗೂಡಿನಲ್ಲಿ ಬಾಟಲಿ ಇಟ್ಟವಳು ನಮ್ಮ ಮನೆಗೆಲಸದವಳು. ಅವಳೂ ಬಿಡುವಿದ್ದಾಗ ದರಗಿಗೆ ಹೋಗುವವಳೇ. ಯಾಕೆ ಹಚ್ಚಿಕೊಳ್ಳಲಿಲ್ಲ ಎಂದು ಕೇಳಿದೆ.

"ಆ ದೇವಿ ತಾಯಿ ಕೈಯಾರೆ ಕೊಟ್ಟಿದ್ದು ಅಮ್ಮಾ. ಹಚ್ಕೊಂಡ್ರೆ ಖಾಲಿ ಆಗ್ತದಲ್ರೀ. ನಮ್ಮನೆ ಗೂಡು ಸೋರ್ತದೆ, ಅದ್ಕೇ ಇಲ್ಲಿಟ್ಟೆ."

ಕನ್ನಡಕ ಹಾಕಿ ಲೇಬಲ್ ಓದಿದೆ. ಎಕ್ಸ್‌ಪೈರಿ ದಾಟಿತ್ತು. ಬಿಸಾಡಲು ಕೈ ಬರಲಿಲ್ಲ. ಗೂಡಿಗೇ ವಾಪಸಿಟ್ಟೆ.

ಮಧ್ಯಾಹ್ನ ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋಗಿ ಹೊಸ ಬಾಟಲಿ ತಂದೆ. ಕೆಲಸದವಳು ಎರಡೂ ಕೈ ಚಾಚಿದಳು. ಕೊಡಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ, ಸೀಲ್ ಒಡೆದು, ಕಷ್ಟಪಟ್ಟು ಕೆಳಗೆ ಕುಳಿತೆ.

"ಅಯ್ಯೋ, ಕಾಲು ಮುಟ್‌ಬ್ಯಾಡ್ರೀ ಅಮ್ಮಾ, ನಂಗೆ ಪಾಪ ಸುತ್ಕೊಳ್ತದೆ."

"ಸುಮ್ನೆ ಕೂತ್ಕೋ."

ಪಾದದಿಂದ ಮೊಣಕಾಲಿನವರೆಗೆ ತಿಕ್ಕಿದೆ. ಅದೇ ಘಾಟು. "ಸಾರಿ ಪುಟ್ಟಾ" ಎಂದೆ.

"ನೋಯ್ಲಿಲ್ಲ ಬಿಡ್ರೀ" ಎಂದಳು ಅವಳು.