ನಸುಕಿನ ಭಾಂಡೆ ಸಪ್ಪಳ

ಮಾನ್ವಿಯ ಹೈಸ್ಕೂಲಿಗೆ ವರ್ಗವಾದಾಗ ನಾನು ಅಲ್ಲೇ ಒಂದು ಬಾಡಿಗೆ ಮನೆ ಹಿಡಿದೆ. ಗಂಡನ ಕೆಲಸ ರಾಯಚೂರಿನಲ್ಲಿ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಉಳಿದ ದಿನ ನಾನೊಬ್ಬಳೇ, ಜೊತೆಗೆ ನನ್ನ ಅರೆತಲೆನೋವು.

ಪಕ್ಕದ್ದು ಅಕ್ಕಿ ಗಿರಣಿಯವರ ಮನೆ. ಯಜಮಾನತಿಯನ್ನು ಓಣಿಯವರೆಲ್ಲ ಸಾವುಕಾರ್ತಿ ಎನ್ನುತ್ತಿದ್ದರು. ಹಣೆ ತುಂಬ ವಿಭೂತಿ, ಮೆತ್ತನೆ ಮಾತು. ಅವರ ಹಿತ್ತಲಿಗೂ ನಾನು ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ದಿನವೂ ನಸುಕಿನ ನಾಲ್ಕಕ್ಕೆ ಆ ಹಿತ್ತಲಲ್ಲಿ ಪಾತ್ರೆ ತೊಳೆಯುವುದು ಶುರುವಾಗುತ್ತಿತ್ತು. ತಾಟುಗಳು ಪರಸಿ ಕಲ್ಲಿನ ಮೇಲೆ ಬೀಳುವುದು, ಕೊಡ ಉರುಳುವುದು, ದೊಡ್ಡ ಪರಾತವನ್ನು ದರದರ ಎಳೆಯುವುದು. ಒಂದೊಂದು ಸದ್ದೂ ನೇರ ನನ್ನ ಹಣೆಗೇ ಬಡಿಯುತ್ತಿತ್ತು.

ಕಿವಿಗೆ ಅರಳೆ ತುರುಕಿಕೊಂಡೆ. ಮಂಚವನ್ನು ಎದುರಿನ ಗೋಡೆಯ ಕಡೆಗೆ ಎಳೆದೆ. ಚಳಿಯಲ್ಲೂ ಫ್ಯಾನು ಜೋರು ಮಾಡಿ ಮಲಗಿದೆ. ಏನೂ ಆಗಲಿಲ್ಲ. ತೊಳೆಯುವವಳು ಆ ಮನೆಯ ಕಿರಿಯ ಸೊಸೆ, ಇಪ್ಪತ್ತು ದಾಟಿರದ ಹುಡುಗಿ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ಅವಳು ನನ್ನ ಕಡೆ ನೋಡಿ ನಕ್ಕರೆ ನಾನು ಮುಖ ತಿರುವುತ್ತಿದ್ದೆ. ಒಂದು ನಸುಕಿನಲ್ಲಿ ತಡೆಯಲಾರದೆ ಎದ್ದು, ಲಟ್ಟಣಿಗೆಯಿಂದ ಗೋಡೆಯನ್ನು ದಬದಬ ಬಡಿದೆ. ಆಚೆ ಒಂದು ಗಳಿಗೆ ಎಲ್ಲ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು. ಎಂಥ ಸೊಕ್ಕು ಅನ್ನಿಸಿ ಮೈ ಉರಿದುಹೋಯಿತು.

ಅವತ್ತು ಸಂಜೆಯೇ ಸಾವುಕಾರ್ತಿಯ ಮನೆಗೆ ಹೋದೆ. ಚಹಾ ಕೊಟ್ಟರು.

"ಯವ್ವಾ, ತಪ್ಪು ತಿಳ್ಕಬ್ಯಾಡ್ರಿ," ಅಂದೆ. "ನಸುಕಿನ್ಯಾಗ ಭಾಂಡೆ ಸಪ್ಪಳ ಭಾಳ ಆಗಾಕತ್ತದ. ನನಗ ತಲಿನೋವು. ಒಂದೆರಡು ತಾಸು ತಡಾ ಮಾಡಿ ತೊಳದ್ರ ನಡಿಯಂಗಿಲ್ಲೇನ್ರಿ?"

"ಅಯ್ಯ, ನಮಗೂ ಸಾಕಾಗ್ಯದ ಅಕ್ಕೋರ. ಎಷ್ಟು ಹೇಳಿದ್ರೂ ಆಕಿ ಕೈ ಮೆತ್ತಗಾಗವಲ್ದು. ದೇವದುರ್ಗದ ಕಡಿ ಹಳ್ಳ್ಯಾಗ ಬೆಳದಾಕಿ. ಇನ್ನ ಸಪ್ಪಳ ಬರಂಗಿಲ್ಲ, ನೀವು ಆರಾಮ ಮಲಕೋರಿ."

ನಾನು ಕೇಳಿದ್ದು ತಡ ಮಾಡಿ ತೊಳೆಯಿರಿ ಅಂತ. ಅವರು ಒಪ್ಪಿಕೊಂಡಿದ್ದು ಸಪ್ಪಳ ನಿಲ್ಲಿಸುವುದನ್ನು. ಎರಡೂ ಬೇರೆ ಎಂದು ಆಗಲೇ ಗೊತ್ತಾಗಿತ್ತು. ನನಗೆ ಬೇಕಾದದ್ದು ಸಿಕ್ಕಿತ್ತಲ್ಲ, ಚಹಾ ಕುಡಿದು ಎದ್ದು ಬಂದೆ.

ಮರುದಿನದಿಂದ ಸದ್ದೇ ಇಲ್ಲ. ಆರರವರೆಗೆ ನಿದ್ದೆ ಮಾಡಿದೆ. ಆ ವಾರ ಸಾವುಕಾರ್ತಿಗೆ ಒಂದು ಡಬ್ಬಿ ಶೇಂಗಾ ಹೋಳಿಗೆಯನ್ನೂ ಮಾಡಿ ಕೊಟ್ಟೆ.

ಹತ್ತು ಹದಿನೈದು ದಿನ ಕಳೆದಿರಬೇಕು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಸೊಸೆ ಅವರ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಅವಳೇ ಗೋಡೆಯ ಹತ್ತಿರ ಬಂದಳು.

"ಈಗ ನಿದ್ದಿ ಬರತದೇನ್ರಿ, ಅಕ್ಕೋರ?"

ವ್ಯಂಗ್ಯವೋ ಏನೋ ತಿಳಿಯಲಿಲ್ಲ. "ಬರತದವ್ವ. ನಿನಗೂ ತಡಾ ಮಾಡಿ ಏಳಾಕ ಆಗ್ತಿರಬೇಕಲ್ಲ?" ಅಂದೆ.

"ಎಲ್ಲಿ ತಡಾ ರೀ? ಈಗ ಬಚ್ಚಲ ಬಾಗಲ ಹಾಕ್ಕೊಂಡು, ಗೋಣಿಚೀಲ ಹಾಸಿ, ಒಂದೊಂದ ತಾಟು ತೊಳದು ಅರಿವಿ ಮ್ಯಾಲೆ ಇಡಬೇಕು. ಅತ್ತಿಯವರು ಹೇಳ್ಯಾರ. ಹೊತ್ತು ಹಿಡಿತದಲ್ರಿ, ಅದಕ್ಕ ಮೂರಕ್ಕ ಏಳಾಕತ್ತೀನಿ."

ನಾನು ಕೈಯಲ್ಲಿದ್ದ ಬಟ್ಟೆಯನ್ನೇ ಹಿಂಡುತ್ತ ನಿಂತೆ. ಅವಳು ತಗ್ಗಿದ ದನಿಯಲ್ಲಿ ಮುಂದುವರಿಸಿದಳು.

"ಆ ಸಪ್ಪಳ ನಾ ಬೇಕಂತನ ಮಾಡ್ತಿದ್ದೆ. ಎಂಟು ಮಂದಿ ಕೌದಿ ಹೊದ್ದು ಮಲಗಿರ್ತಾರ. ನಾ ಒಬ್ಬಾಕಿ ಎದ್ದೀನಿ ಅಂತ ಅವರಿಗೆ ಗೊತ್ತಾಗಲಿ ಅಂತ. ಬೈತಿದ್ರು, ಬೈಲಿ. ನೀವು ಗ್ವಾಡಿ ಬಡದ ದಿನ, ಒಬ್ಬರರ ಎದ್ದಾರಲ್ಲ ಅಂತ ನನಗ ಖುಷಿ ಆಗಿತ್ತು."

"ನಾ ಮತ್ತೊಮ್ಮೆ ಅತ್ತಿಯವರ ಹತ್ರ ಮಾತಾಡ್ತೀನಿ."

"ಬ್ಯಾಡ್ರಿ," ಅಂದಳು. "ಒಮ್ಮೆ ಮಾತಾಡಿದ್ದ ಸಾಕಾಗ್ಯದ."

ಆದರೂ ಹೋದೆ. ಹೋಗದಿದ್ದರೆ ನನ್ನ ಮನಸ್ಸಿಗೆ ಸಮಾಧಾನ ಇರುತ್ತಿರಲಿಲ್ಲ. ಪಾಪದ ಹುಡುಗಿ, ಐದಕ್ಕೆ ಎದ್ದರೂ ಕೆಲಸ ಮುಗಿಯುತ್ತದಲ್ಲ ಅಂದೆ. ಸಾವುಕಾರ್ತಿ ಈ ಸಲ ಚಹಾ ಕೊಡಲಿಲ್ಲ.

"ಸಪ್ಪಳ ಆಗ್ತದ ಅಂದ್ರಿ, ನಿಂದರಸೀವಿ. ಈಗ ಮತ್ತೇನ್ರಿ? ನಮ್ಮ ಸೊಸಿ ಎಷ್ಟೊತ್ತಿಗೆ ಏಳಬೇಕು ಅನ್ನೋದೂ ನೀವ ಹೇಳ್ತೀರೇನು?"

ಎದ್ದು ಮನೆಗೆ ಬಂದೆ. ಮರುದಿನದಿಂದ ಸೊಸೆ, ನಾನು ಮಾಳಿಗೆಯ ಮೇಲಿದ್ದರೆ ಹತ್ತುವುದನ್ನೇ ಬಿಟ್ಟಳು. ಅಂಗಳದಲ್ಲಿ ಎದುರಾದರೂ ತಲೆ ಎತ್ತುತ್ತಿರಲಿಲ್ಲ. ಒಳಗೆ ಅವಳಿಗೆ ಏನೇನು ಕೇಳಬೇಕಾಯಿತೋ ನಾನು ವಿಚಾರಿಸಲಿಲ್ಲ.

ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ ಎಂದು ಬರೆಯಬಹುದಿತ್ತು. ಅದು ಸುಳ್ಳು. ನಿದ್ದೆ ಚೆನ್ನಾಗಿಯೇ ಬಂತು, ತಲೆನೋವೂ ಕಡಿಮೆಯಾಯಿತು. ಇನ್ನೂ ಒಂದೂವರೆ ವರ್ಷ ಹಾಗೇ ಮಲಗಿದೆ.

ರಾಯಚೂರಿಗೆ ವರ್ಗವಾಗಿ ಸಾಮಾನು ಲಾರಿಗೆ ಏರಿಸಿದ ದಿನ ಸಾವುಕಾರ್ತಿ ನನ್ನನ್ನು ಕರೆದು ಉಡಿ ತುಂಬಿದರು. "ನಿಮ್ಮಂಥ ನೆರಿಮನಿಯವರು ಸಿಗಂಗಿಲ್ಲ ಬಿಡ್ರಿ," ಅಂದರು. ಅಕ್ಕಿ, ಬೆಲ್ಲ, ಕುಬಸದ ಅರಿವೆ ಇದ್ದ ತಾಟನ್ನು ಹಿಡಿದು ಸೊಸೆ ಪಕ್ಕದಲ್ಲೇ ನಿಂತಿದ್ದಳು. ಅವಳ ಹೆಸರು ಹಿಡಿದು ಒಂದು ಮಾತು ಆಡಬೇಕೆನ್ನಿಸಿತು. ಅಷ್ಟು ದಿನ ಪಕ್ಕದಲ್ಲಿದ್ದು ಅವಳ ಹೆಸರೇನೆಂದು ನಾನು ಕೇಳಿಯೇ ಇರಲಿಲ್ಲ. ಸೆರಗು ಒಡ್ಡಿ ಅಕ್ಕಿ ಹಾಕಿಸಿಕೊಂಡು ಲಾರಿಯ ಕಡೆ ನಡೆದೆ.