ಕೆಂಚ ಅಲುಗಾಡಿರಲಿಲ್ಲ

ವೀಣಾ, ಆ ದಿನ ನಿಮ್ಮ ನಾಯಿ ಅಲುಗಾಡಿರಲಿಲ್ಲ. ಫೋಟೋ ಹಾಳಾದದ್ದು ಕೆಂಚನಿಂದಲ್ಲ, ನನ್ನಿಂದ. ಇಷ್ಟು ವರ್ಷ ಬಾಯಿಗೆ ಬಂದು ಬಂದು ಒಳಗೇ ಉಳಿದ ಮಾತು ಇದು.

ನಾನು ಹೊಸನಗರದಿಂದ ಕ್ಯಾಮೆರಾ ಹಿಡಿದು ನಿಟ್ಟೂರಿನ ನಿಮ್ಮ ಮನೆಗೆ ಬಂದಾಗ ನೀನು ಪಿಯುಸಿ ಓದುತ್ತಿದ್ದೆ. ನಿನ್ನ ಅಪ್ಪ ಮಂಜಣ್ಣ ಕೊಡಚಾದ್ರಿ ಬೆಟ್ಟಕ್ಕೆ ಜೀಪು ಓಡಿಸುತ್ತಿದ್ದವರು. ಕಾಯಿಲೆ ಬಿದ್ದ ಮೇಲೆ ಜೀಪು ಅಂಗಳದಲ್ಲೇ ನಿಂತಿತ್ತು. ಅವರಿಗೆ ಹೆಚ್ಚು ದಿನವಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರೂ ಒಟ್ಟಿಗಿರುವ ಒಂದು ಫೋಟೋ ಇರಲಿ ಎಂದು ನಿನ್ನ ಅಮ್ಮ ಸುಶೀಲಕ್ಕ ನನ್ನನ್ನು ಕರೆಸಿದ್ದರು.

"ನಾಯಿ ಬ್ಯಾಡ, ಅದು ಸುಮ್ನೆ ಕೂರಲ್ಲ" ಎಂದರು ಅಮ್ಮ. "ಕೆಂಚ ಇಲ್ದಿದ್ರೆ ನಾನೂ ನಿಲ್ಲಲ್ಲ" ಎಂದೆ ನೀನು. ಮಂಜಣ್ಣ ನಕ್ಕರು. "ಬರ್ಲಿ ಬಿಡೇ, ನನ್ ಜೊತೆ ಎಷ್ಟು ಸಲ ಬೆಟ್ಟ ಹತ್ತಿದಾನೆ."

ಅವರು ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಕೆಂಚ ತಾನಾಗಿಯೇ ಹತ್ತಿ ಅವರ ತೊಡೆಯ ಮೇಲೆ ಮೂತಿ ಇಟ್ಟ. ನೀನೂ ಅಮ್ಮನೂ ಬಾಗಿಲ ಬಳಿ ನಿಂತಿರಿ. ನಾನು ತೆಗೆದು ಮುಗಿಸುವವರೆಗೂ ಆ ನಾಯಿ ಕದಲಲಿಲ್ಲ. ಅಷ್ಟು ಚಂದದ ಫೋಟೋ ಅದಕ್ಕೆ ಮೊದಲು ನಾನು ತೆಗೆದಿರಲಿಲ್ಲ — ಆಮೇಲೂ ಇಲ್ಲ.

ಮರುದಿನ ಸಾಗರದಲ್ಲಿ ಮದುವೆ. ಗಡಿಬಿಡಿಯಲ್ಲಿ, ನಿಮ್ಮ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳದೆಯೇ ಮೆಮೊರಿ ಕಾರ್ಡನ್ನು ಅಳಿಸಿ, ಇಡೀ ಮದುವೆಯನ್ನು ಅದರಲ್ಲೇ ತೆಗೆದುಬಿಟ್ಟೆ. ಅದು ಗೊತ್ತಾದದ್ದು ಮದುವೆ ಮುಗಿದ ಮೇಲೆ. ಅಷ್ಟರಲ್ಲಿ ನಿನ್ನ ಅಮ್ಮನ ಫೋನು. ಇದ್ದದ್ದನ್ನು ಹೇಳಬೇಕಿತ್ತು. ಸುದ್ದಿ ಹಬ್ಬಿದರೆ ನನ್ನನ್ನು ಇನ್ನು ಯಾರು ಕರೆಯುತ್ತಾರೆ ಎಂದು...

"ನಾಯಿ ಅಲುಗಾಡಿಬಿಡ್ತು ಅಕ್ಕ, ಒಂದೂ ಸರಿ ಬಂದಿಲ್ಲ. ಭಾನುವಾರ ಬಂದು ಮತ್ತೆ ತೆಗೀತೀನಿ."

ಭಾನುವಾರಕ್ಕೆ ಮೊದಲೇ ಮಂಜಣ್ಣನನ್ನು ಆಸ್ಪತ್ರೆಗೆ ಒಯ್ದರು. ಅವರು ತಿರುಗಿ ಬರಲಿಲ್ಲ.

ಅವರ ಡ್ರೈವಿಂಗ್ ಲೈಸೆನ್ಸಿನ ಚಿತ್ರವನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ, ತಿಥಿಯ ದಿನ ನಾನೇ ತಂದುಕೊಟ್ಟೆ. ಅಮ್ಮ ಅದನ್ನು ನೋಡಿ ಎಲ್ಲರೆದುರು ನಿನಗೆ ಅಂದರು — "ನಿನ್ ಹಠಕ್ಕೆ ನಾಯಿ ಬಂತು. ಈಗ ಅಪ್ಪಂದು ಒಂದು ಒಳ್ಳೆ ಫೋಟೋಕ್ಕೂ ಗತಿ ಇಲ್ಲ." ನೀನು ತಲೆ ತಗ್ಗಿಸಿದೆ. ನಾನು ಅಲ್ಲೇ ನಿಂತಿದ್ದೆ. ಆಮೇಲೆ ಎಲೆ ಹಾಕಿದರು, ಕೂತು ಉಂಡೆ.

ಕೆಲವೇ ದಿನಗಳಲ್ಲಿ ಅಮ್ಮ ಕೆಂಚನನ್ನು ಗೂಡ್ಸ್ ಆಟೋಕ್ಕೆ ಹಾಕಿಸಿ ದೂರದ ಮಂಡಗದ್ದೆಯ ಕಡೆ ಬಿಡಿಸಿದರೆಂದು ಕೇಳಿದೆ. ನೀನು ಹುಡುಕಿಕೊಂಡು ಹೋದೆಯಂತೆ, ಸಿಗಲಿಲ್ಲವಂತೆ. ಅಮ್ಮನ ಜೊತೆ ಮಾತೂ ಬಿಟ್ಟೆಯಂತೆ. ಆಗಲೂ ನಾನು ಸುಮ್ಮನಿದ್ದೆ.

ತೀರ್ಥಹಳ್ಳಿಯಲ್ಲಿ ಕೆಲಸಕ್ಕೆ ಸೇರುವ ಮುಂಚೆ ನೀನು ಪಾಸ್‌ಪೋರ್ಟ್ ಫೋಟೋ ತೆಗೆಸಲು ನನ್ನ ಸ್ಟುಡಿಯೋಗೆ ಬಂದಿದ್ದೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದೆ: "ಅಣ್ಣ, ಅಲುಗಾಡಿದ್ದೇ ಆದ್ರೂ ಸಾಕು. ಅಪ್ಪ, ಕೆಂಚ ಮಸುಕಾಗಿ ಕಂಡ್ರೂ ಅಡ್ಡಿಲ್ಲ. ಒಂದು ಕೊಡ್ತೀರಾ?"

"ಆಗ್ಲೇ ಡಿಲೀಟ್ ಮಾಡಿದೆ ಕಣಮ್ಮ" ಎಂದೆ. ಎರಡನೆಯ ಸುಳ್ಳು — ಅದೂ ನಿನ್ನ ಮುಖ ನೋಡಿಕೊಂಡೇ.

ಹೋದ ವಾರ ಸುಶೀಲಕ್ಕ ನನ್ನ ಸ್ಟುಡಿಯೋಗೆ ಬಂದಿದ್ದರು. ನೀನು ಅವರನ್ನು ನಿನ್ನ ಮದುವೆಗೂ ಕರೆಯಲಿಲ್ಲವಂತೆ. ಆ ಪಾಸ್‌ಪೋರ್ಟ್ ಫೋಟೋ ನನ್ನ ಹತ್ತಿರ ಇನ್ನೂ ಇದೆಯೇ ಎಂದು ಕೇಳಲು ಬಂದಿದ್ದರು. ಮಗಳದ್ದು ದೊಡ್ಡವಳಾದ ಮೇಲಿನ ಒಂದು ಫೋಟೋನೂ ಮನೆಯಲ್ಲಿಲ್ಲ ಎಂದರು. ಅದನ್ನು ಕೇಳಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಬೆಂಚಿನ ಮೇಲೆ ಕೂತು, "ನಾಯಿನೂ ಕಳ್ಸಿದೆ, ಮಗಳ್ನೂ ಕಳ್ಕೊಂಡೆನಲ್ಲೋ" ಎಂದರು. ಏಳುವಾಗ, "ಅವಳಿಗೆ ನೀನೇ ಹೇಳು. ನಾ ಹೇಳಿದ್ರೆ ನಂಬಲ್ಲ."

ಅದಕ್ಕೇ ಹೇಳುತ್ತಿದ್ದೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅಮ್ಮ ನಿನಗೆ ಅಂದದ್ದೂ ಕೆಂಚನನ್ನು ಕಳಿಸಿದ್ದೂ ನನ್ನ ಸುಳ್ಳನ್ನು ನಂಬಿ. ನಿನ್ನ ಸಿಟ್ಟು ಇನ್ನು ಅವರ ಮೇಲೆ ಬೇಡ, ವೀಣಾ — ನನ್ನ ಮೇಲಿರಲಿ.